ಹೆಸರು ಹೇಳದ ಮದ್ದು

ಡೊಂಬಿವಲಿಯ ನಮ್ಮ ಮನೆಯಲ್ಲಿ ಸಂಜೆ ಏಳರಿಂದ ರಾತ್ರಿ ಹತ್ತರವರೆಗೆ ಟಿವಿ ಅಪ್ಪನದು. ಹಾವೇರಿ ಬಿಟ್ಟು ನಮ್ಮ ಜೊತೆ ಇರಲು ಬಂದ ಮೇಲೆ ಮುಂಬಯಿಯಲ್ಲಿ ಅವರು ಮನಸಾರೆ ಒಪ್ಪಿಕೊಂಡದ್ದು ಎರಡೇ: ಬೆಳಗಿನ ವಾಕಿಂಗ್ ಗೆಳೆಯರು ಮತ್ತು ‘ಕೌನ್ ಬನೇಗಾ ಕರೋಡ್‌ಪತಿ’. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದವರು. ಅಮಿತಾಭ್ ಬಚ್ಚನ್ ಪ್ರಶ್ನೆ ಕೇಳಿದರೆ ಇವರು ಸೋಫಾದಿಂದಲೇ ಉತ್ತರ ಕೊಡುತ್ತಾರೆ. ತಪ್ಪಾದರೆ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತಾರೆ.

ಒಂದು ರಾತ್ರಿ ಅದೇ ಬಚ್ಚನ್ ಜಾಹೀರಾತಿನಲ್ಲಿ ಬಂದು ಶಿಂಗಲ್ಸ್ ಎಂಬ ಕಾಯಿಲೆಯ ಬಗ್ಗೆ ಹೇಳಿದರು. ಐವತ್ತು ದಾಟಿದವರು ಎಚ್ಚರವಾಗಿರಬೇಕು, ಸೀತಾಳೆ ಸಿಡುಬು ಬಂದು ಹೋದವರ ಮೈಯಲ್ಲಿ ಆ ವೈರಸ್ ಉಳಿದೇ ಇರುತ್ತದೆ, ನಿಮ್ಮ ವೈದ್ಯರನ್ನು ಕೇಳಿ. ಇಷ್ಟೇ. ಅಪ್ಪ ದನಿ ತಗ್ಗಿಸಿ ನನ್ನ ಕಡೆ ತಿರುಗಿದರು.

“ಶಿಂಗಲ್ಸ್ ಅಂದ್ರ ನಮ್ಮ ಸರ್ಪಸುತ್ತು ಅಲ್ಲೇನೋ? ನನಗ ಸಣ್ಣಾಂವ ಇದ್ದಾಗ ಸಿಡುಬು ಎದ್ದಿದ್ವು. ಹಂಗಾರ ಅದು ಇನ್ನೂ ನನ್ನ ಮೈಯಾಗ ಐತಿ?”

“ಐತಿ ಅಪ್ಪಾ,” ಅಂದೆ. ಅದು ನಿಜವೂ ಹೌದು. ಆ ರಾತ್ರಿ ಅವರು ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದರು.

ಒಂದು ಜಾಹೀರಾತು ಒಂದೂ ಸುಳ್ಳು ಹೇಳದೆ ಎಪ್ಪತ್ತೊಂದು ವರ್ಷದ ಮನುಷ್ಯನ ಊಟ ಕೆಡಿಸಬಹುದು ಎಂದು ಅವತ್ತು ತಿಳಿಯಿತು. ಕತೆ, ಕವಿತೆ, ಸಿನಿಮಾ ಓದುವ ನಾವು ಜಾಹೀರಾತನ್ನು ಮಾತ್ರ ಓದುವುದಿಲ್ಲ. ಅದು ಮುಗಿಯಲಿ ಎಂದು ಕಾಯುತ್ತೇವೆ. ಈ ಮೂವತ್ತು ಸೆಕೆಂಡಿನ ಪಠ್ಯವನ್ನು ಕತೆ ಓದಿದ ಹಾಗೆ ಓದಿದರೆ ಏನು ಕಾಣುತ್ತದೆ ಎನ್ನುವುದು ಈ ಬರಹ.

ಮೊದಲು ಕಾನೂನು. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳನ್ನು ನಮ್ಮ ದೇಶದಲ್ಲಿ ಜನರಿಗೆ ನೇರವಾಗಿ ಜಾಹೀರಾತು ಮಾಡುವಂತಿಲ್ಲ. ಔಷಧ ನಿಯಮಗಳ ಎಚ್, ಎಚ್1 ಮತ್ತು ಎಕ್ಸ್ ಪಟ್ಟಿಯಲ್ಲಿರುವ ಮದ್ದುಗಳ ಜಾಹೀರಾತಿಗೆ ಕೇಂದ್ರ ಸರ್ಕಾರದ ಮುನ್ನೊಪ್ಪಿಗೆ ಬೇಕು. ಅದಕ್ಕಿಂತ ಹಳೆಯದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ. ಅದರ ಕೊನೆಯಲ್ಲಿ 54 ಕಾಯಿಲೆಗಳ ಒಂದು ಪಟ್ಟಿ ಇದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್, ಕ್ಷಯ, ಬೊಜ್ಜು, ಬಂಜೆತನ ಎಲ್ಲ ಅದರಲ್ಲಿವೆ. ಇವನ್ನು ಗುಣಪಡಿಸುತ್ತೇವೆ ಎಂದು ಯಾವ ಮದ್ದನ್ನೂ ಜಾಹೀರು ಮಾಡಬಾರದು. ಸಂತೆಯಲ್ಲಿ ನಿಂತು ಎಣ್ಣೆ ಮಾರುವವನನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ಕಾನೂನು ಅದು ಎಂದು ಓದಿದಾಗಲೇ ಗೊತ್ತಾಗುತ್ತದೆ.

ಹಾಗಾದರೆ ಅಪ್ಪ ನೋಡಿದ್ದು ಏನು? ಅದು ಮದ್ದಿನ ಜಾಹೀರಾತಲ್ಲ, ಕಾಯಿಲೆಯ ಜಾಹೀರಾತು. ಔಷಧೋದ್ಯಮದ ಭಾಷೆಯಲ್ಲಿ ‘ರೋಗ ಜಾಗೃತಿ’. ಕೊಡುತ್ತಿರುವುದು ಜಿಎಸ್‌ಕೆ. 2023ರಲ್ಲಿ ಈ ಕಾಯಿಲೆಗೆ ಶಿಂಗ್ರಿಕ್ಸ್ ಎಂಬ ಲಸಿಕೆಯನ್ನು ಭಾರತದಲ್ಲಿ ಬಿಡುಗಡೆ ಮಾಡಿದ್ದೂ ಅದೇ ಕಂಪನಿ. ಜಾಹೀರಾತಿನಲ್ಲಿ ಲಸಿಕೆಯ ಹೆಸರಿಲ್ಲ. ಕಾನೂನು ಮುರಿದಿದೆ ಎಂದು ನಾನು ಹೇಳುತ್ತಿಲ್ಲ. ಕಾನೂನು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಈ ಪಠ್ಯ ಶುರುವಾಗುತ್ತದೆ ಎನ್ನುತ್ತಿದ್ದೇನೆ.

ನಮ್ಮಜ್ಜಿ ಗಂಡನ ಹೆಸರು ಹೇಳುತ್ತಿರಲಿಲ್ಲ. ಮದುವೆ ಮನೆಯಲ್ಲಿ ಎಲ್ಲರೂ ಗಂಟುಬಿದ್ದರೆ ಒಡಪು ಹೇಳುತ್ತಿದ್ದಳು. ಮೂರು ಸಾಲು ಊರು, ತೋಟ, ಮಲ್ಲಿಗೆ ಎಂದು ಸುತ್ತಿ, ನಾಲ್ಕನೆಯದರಲ್ಲಿ ಹೆಸರು. ಇಲ್ಲಿ ನಮ್ಮ ಮರಾಠಿ ನೆರೆಯವರಲ್ಲಿ ಅದೇ ಉಖಾಣಾ. ಈ ಜಾಹೀರಾತು ಒಡಪಿನ ಮೂರು ಸಾಲು ಮಾತ್ರ ಹೇಳಿ ನಿಲ್ಲಿಸುತ್ತದೆ. ನಾಲ್ಕನೆಯ ಸಾಲನ್ನು ವೈದ್ಯರು ಹೇಳಬೇಕು. ಊರಿಗೆಲ್ಲ ಅಜ್ಜನ ಹೆಸರು ಗೊತ್ತಿದ್ದಂತೆ, ಮಾರುಕಟ್ಟೆಯಲ್ಲಿ ಆ ಕಾಯಿಲೆಗೆ ಮುಖ್ಯವಾಗಿ ಒಂದು ಹೊಸ ಲಸಿಕೆ ಇದ್ದಾಗ, ಹೆಸರು ಹೇಳುವ ಅಗತ್ಯವೇ ಇಲ್ಲ.

ಅಮೆರಿಕದಲ್ಲಿ ಆಟ ಬೇರೆ. ಪ್ರಾಜೆಕ್ಟ್ ನಿಮಿತ್ತ ನಾನು ಎರಡು ವರ್ಷ ನ್ಯೂಜೆರ್ಸಿಯಲ್ಲಿದ್ದೆ. ಸಂಜೆಯ ಸುದ್ದಿಯ ನಡುವೆ ಬರುತ್ತಿದ್ದುದು ಬಹುತೇಕ ಔಷಧಿಗಳ ಜಾಹೀರಾತೇ. ಮದ್ದನ್ನು ಹೆಸರು ಹಿಡಿದು ಜನರಿಗೆ ಮಾರಲು ಬಿಡುವ ದೇಶಗಳು ಎರಡೇ, ಅಮೆರಿಕ ಮತ್ತು ನ್ಯೂಜಿಲೆಂಡ್. 1997ರಲ್ಲಿ ಅಲ್ಲಿನ ಎಫ್‌ಡಿಎ ಟಿವಿ ಜಾಹೀರಾತಿಗೆ ನಿಯಮ ಸಡಿಲಿಸಿತು: ಮುಖ್ಯ ಅಪಾಯಗಳನ್ನು ಹೇಳಿ, ಉಳಿದ ವಿವರಕ್ಕೆ ಫೋನ್ ನಂಬರು, ವೆಬ್‌ಸೈಟು ತೋರಿಸಿದರೆ ಸಾಕು. ಆಮೇಲೆ ಹುಟ್ಟಿದ ಪ್ರಕಾರವನ್ನು ನೀವೂ ನೋಡಿರುತ್ತೀರಿ. ಮೊದಲು ಮಂಕಾದ ಬಣ್ಣದಲ್ಲಿ ಒಬ್ಬ ಹೆಂಗಸು ಮೊಣಕಾಲು ಹಿಡಿದು ಕೂತಿರುತ್ತಾಳೆ. ಮದ್ದಿನ ಹೆಸರು ಬಂದ ಕೂಡಲೇ ಬಿಸಿಲು ಬರುತ್ತದೆ, ನಾಯಿ ಬರುತ್ತದೆ, ಮೊಮ್ಮಕ್ಕಳು ಬರುತ್ತಾರೆ. ಆ ನಾಯಿ ಓಡುತ್ತಿರುವಾಗಲೇ ಹಿತವಾದ ದನಿಯೊಂದು ಯಕೃತ್ತು ಕೆಡಬಹುದು, ಹೃದಯಾಘಾತ ಆಗಬಹುದು, ಸಾವೂ ಸಂಭವಿಸಬಹುದು ಎಂದು ಹೇಳಿ ಮುಗಿಸುತ್ತದೆ. ಕಿವಿಗೆ ಸಾವು, ಕಣ್ಣಿಗೆ ನಾಯಿಮರಿ. ಗೆಲ್ಲುವುದು ಕಣ್ಣು.

ಇದರ ದೊಡ್ಡ ಪಾಠಗಳು ಅಲ್ಲಿಯವೇ. ನೋವಿನ ಮಾತ್ರೆ ವಯಾಕ್ಸ್‌ಗೆ ಒಲಿಂಪಿಕ್ ಸ್ಕೇಟಿಂಗ್ ತಾರೆ ಡೊರೊತಿ ಹ್ಯಾಮಿಲ್ ಮುಖವಾಗಿದ್ದರು. ಹೃದಯಾಘಾತದ ಅಪಾಯ ಖಚಿತವಾಗಿ 2004ರ ಸೆಪ್ಟೆಂಬರಿನಲ್ಲಿ ಮರ್ಕ್ ಕಂಪನಿ ಅದನ್ನು ಮಾರುಕಟ್ಟೆಯಿಂದ ಹಿಂದೆಗೆದುಕೊಂಡಿತು. ಫೈಜರ್‌ನ ಲಿಪಿಟಾರ್ ಜಾಹೀರಾತಿನಲ್ಲಿ ಕೃತಕ ಹೃದಯದ ಖ್ಯಾತಿಯ ರಾಬರ್ಟ್ ಜಾರ್ವಿಕ್ ಸರೋವರದಲ್ಲಿ ದೋಣಿ ಹುಟ್ಟು ಹಾಕುತ್ತಿದ್ದರು. ಅವರಿಗೆ ವೈದ್ಯ ವೃತ್ತಿಯ ಪರವಾನಗಿ ಇರಲಿಲ್ಲ, ಹುಟ್ಟು ಹಾಕಿದ್ದು ಬೇರೊಬ್ಬ ಎಂದು ಹೊರಬಿದ್ದು, 2008ರ ಫೆಬ್ರವರಿಯಲ್ಲಿ ಆ ಜಾಹೀರಾತು ನಿಂತಿತು. ಅಪಾಯಗಳನ್ನು ಹೇಳುವಾಗ ಗಮನ ಬೇರೆಡೆ ಸೆಳೆಯುವ ಚಿತ್ರ, ಸಂಗೀತ ಇರಬಾರದು ಎಂದು ಎಫ್‌ಡಿಎ ಸ್ಪಷ್ಟ ನಿಯಮ ತಂದದ್ದು 2023ರಲ್ಲಿ. ನಾಯಿಮರಿಯ ಓಟ ಅಷ್ಟರಲ್ಲಿ ಕಾಲು ಶತಮಾನ ಮುಗಿಸಿತ್ತು.

ಅದನ್ನೆಲ್ಲ ನೋಡಿ ಬಂದ ನಾನು ನಮ್ಮ ಕಾನೂನಿನ ಬಗ್ಗೆ ಹೆಮ್ಮೆಪಡುತ್ತಿದ್ದೆ. ಅಪ್ಪನ ರೊಟ್ಟಿ ಉಳಿದ ರಾತ್ರಿ ಲೆಕ್ಕ ತಿರುಗುಮುರುಗಾಯಿತು. ಅಮೆರಿಕದ ಜಾಹೀರಾತು ಮದ್ದಿನ ಹೆಸರು ಹೇಳುತ್ತದೆ. ಹೇಳಿದ್ದಕ್ಕೆ ದಂಡವಾಗಿ ಅದರ ಕೆಡುಕನ್ನೂ ಹೇಳಲೇಬೇಕು. ನಮ್ಮದು ಹೆಸರೇ ಹೇಳುವುದಿಲ್ಲ. ಹಾಗಾಗಿ ಅಡ್ಡಪರಿಣಾಮ, ಬೆಲೆ, ಎಷ್ಟು ಡೋಸು, ಯಾರಿಗೆ ಬೇಡ, ಯಾವುದನ್ನೂ ಹೇಳಬೇಕಿಲ್ಲ. ಹೆಸರನ್ನು ನಿಷೇಧಿಸಿದಾಗ ಹೆಸರಿನ ಜೊತೆ ಬರುವ ಹೊಣೆಯನ್ನೂ ನಾವು ಮಾಫಿ ಮಾಡಿದ್ದೇವೆ. ಭಯಕ್ಕೆ ಮಾತ್ರ ಪೂರಾ ಮೂವತ್ತು ಸೆಕೆಂಡು ಸಿಕ್ಕಿದೆ. ಅಮೆರಿಕದ ಕಂಪನಿಗಳಿಗೂ ಈ ದಾರಿ ಗೊತ್ತು, ಅಲ್ಲೂ ಹೆಸರಿಲ್ಲದ ಜಾಹೀರಾತಿಗೆ ಅಪಾಯದ ಪಟ್ಟಿ ಬೇಕಿಲ್ಲ. ಆದರೆ ಅಲ್ಲಿ ಅದು ಪಕ್ಕದ ಓಣಿ, ಇಲ್ಲಿ ಅದೇ ಹೆದ್ದಾರಿ.

ಈಗ ಆ ದನಿಯನ್ನು ನೋಡೋಣ. ಬಚ್ಚನ್ ಯಾಕೆ? ಜನಪ್ರಿಯತೆ ಎನ್ನುವುದು ಅರ್ಧ ಉತ್ತರ. ಪೋಲಿಯೊ ಹನಿಯ ಪ್ರಚಾರ ನೆನಪಿಸಿಕೊಳ್ಳಿ. ‘ದೋ ಬೂಂದ್ ಜಿಂದಗಿ ಕೀ’ ಎಂದು ಮನೆಮನೆಗೆ ತಲುಪಿಸಿದ್ದು ಇದೇ ದನಿ. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡಿತು, 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊ ಮುಕ್ತ ಎಂದು ಪ್ರಮಾಣಪತ್ರ ಬಂತು. ಲಸಿಕೆಯ ವಿಷಯದಲ್ಲಿ ಆ ದನಿ ನಮಗೆ ಒಮ್ಮೆ ನಿಜ ಹೇಳಿದೆ, ಒಳ್ಳೆಯದು ಮಾಡಿದೆ. ಆದರೆ ಪೋಲಿಯೊ ಹನಿ ಪುಕ್ಕಟೆ, ಹಾಕಿಸಿದವರು ಸರ್ಕಾರ. ಇಲ್ಲಿ ಎರಡು ಡೋಸು, ಖಾಸಗಿ ಕ್ಲಿನಿಕ್ಕು, ಎರಡೂ ಸೇರಿದರೆ ಅಪ್ಪನ ಪಿಂಚಣಿಯಲ್ಲಿ ದೊಡ್ಡ ತೂತು. ಸಾರ್ವಜನಿಕ ಕೆಲಸದಲ್ಲಿ ಗಳಿಸಿದ ನಂಬಿಕೆಯನ್ನು ಖಾಸಗಿ ಖಾತೆಗೆ ವರ್ಗಾಯಿಸಿದಂತೆ. ವರ್ಗಾವಣೆ ಆಗಿದ್ದು ಅಪ್ಪನ ಗಮನಕ್ಕೆ ಬರಲಿಲ್ಲ. ಅವರಿಗೆ ಕೇಳಿಸಿದ್ದು ಅದೇ ಹಳೆಯ ದನಿ.

ಇನ್ನು ಭಯ. ‘ನಿಮಗೆ ಬರಬಹುದು’ ಎಂಬ ಭಯ ಹಳೆಯದು. ‘ನಿಮ್ಮೊಳಗೆ ಈಗಾಗಲೇ ಇದೆ’ ಎನ್ನುವುದು ಬೇರೆ ಜಾತಿಯದು. ಸೀತಾಳೆ ಸಿಡುಬಿನ ವೈರಸ್ ನರಗಳ ಬುಡದಲ್ಲಿ ದಶಕಗಟ್ಟಲೆ ಸುಮ್ಮನಿದ್ದು, ವಯಸ್ಸಾಗಿ ರೋಗನಿರೋಧಕ ಶಕ್ತಿ ಕುಗ್ಗಿದಾಗ ಮತ್ತೆ ಏಳಬಲ್ಲದು. ವೈದ್ಯಕೀಯವಾಗಿ ಇದು ಸರಿ. ಆದರೆ ಬಹುಪಾಲು ಜನರಲ್ಲಿ ಅದು ಏಳುವುದೇ ಇಲ್ಲ. ಜೀವಮಾನದಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಎನ್ನುವುದು ಅಮೆರಿಕದ ಅಂದಾಜು. ‘ಎಲ್ಲರ ಮೈಯಲ್ಲೂ ಇದೆ’ ಮತ್ತು ‘ಮೂವರಲ್ಲಿ ಒಬ್ಬರಿಗೆ ಬರುತ್ತದೆ’ ಎರಡೂ ನಿಜ. ಅಪ್ಪನ ಮನಸ್ಸಿನಲ್ಲಿ ಉಳಿದದ್ದು ಮೊದಲನೆಯದು.

ಮಜವೆಂದರೆ ನಮ್ಮ ಊರಲ್ಲೂ ಈ ಕಾಯಿಲೆಗೊಂದು ಜಾಹೀರಾತು ಇತ್ತು. ಹೆಸರೇ ಸರ್ಪಸುತ್ತು. ಸೊಂಟ ಸುತ್ತಿ ಬರುವ ಗುಳ್ಳೆಗಳ ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಕೂಡುವ ಮೊದಲೇ ಬಲ್ಲವರ ಹತ್ತಿರ ಹೋಗಿ ಕೆಮ್ಮಣ್ಣು ಬರೆಸಬೇಕು. ಗುಳ್ಳೆ ಸಾಮಾನ್ಯವಾಗಿ ಮೈಯ ಒಂದೇ ಪಕ್ಕದಲ್ಲಿ ಏಳುತ್ತದೆ, ಹಾಗಾಗಿ ತಲೆ ಬಾಲ ಕೂಡುವುದು ತೀರ ಅಪರೂಪ. ಎರಡು ಮೂರು ವಾರದಲ್ಲಿ ಹೆಚ್ಚಿನವರಿಗೆ ತಾನೇ ಒಣಗುತ್ತದೆ. ಹೆಸರು ಬಂದದ್ದು ಕೆಮ್ಮಣ್ಣಿಗೆ. ಒಂದು ರೂಪಕ, ಒಂದು ಗಡುವು, ಒಬ್ಬ ಬಲ್ಲವರು. ಹೊಸ ಜಾಹೀರಾತಿನ ಅಸ್ಥಿಪಂಜರವೂ ಇದೇ. ವ್ಯತ್ಯಾಸ ಒಂದೇ, ಅದು ಸಣ್ಣದಲ್ಲ: ಕೆಮ್ಮಣ್ಣು ಕೆಲಸ ಮಾಡುವುದಿಲ್ಲ, ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ‘ಕಂಪನಿಗಳು ಹೆದರಿಸುತ್ತವೆ’ ಎಂಬ ಮಾಮೂಲು ಲೇಖನವಾಗುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಅವ್ವ ಇದ್ದಾಳೆ.

ಅವ್ವನಿಗೆ ಉಬ್ಬಸ. ಇನ್‌ಹೇಲರ್ ತೆಗೆದುಕೊಳ್ಳಲು ಇಬ್ಬರು ವೈದ್ಯರು ಹೇಳಿದರೂ ಹತ್ತು ವರ್ಷ ಒಪ್ಪಲಿಲ್ಲ. “ಒಮ್ಮೆ ಬಾಯಿಗೆ ಹಚ್ಚಿದ್ರ ಸಾಯೂತನ ಬಿಡಂಗಿಲ್ಲಂತ” ಎಂದು ಓಣಿಯ ಯಾರೋ ಹೇಳಿದ್ದೇ ವೇದ. ಇನ್‌ಹೇಲರ್ ಹಿಡಿದವರು ಕಡೆಯ ಹಂತದವರು ಎಂಬ ನಾಚಿಕೆ ಬೇರೆ. ಮಾತ್ರೆ ನುಂಗುತ್ತಿದ್ದಳು. ಮಾತ್ರೆಯಲ್ಲಿ ಸ್ಟೆರಾಯ್ಡ್ ಮಿಲಿಗ್ರಾಂ ಲೆಕ್ಕದಲ್ಲಿ ಇಡೀ ಮೈಗೆ ಹೋಗುತ್ತದೆ, ಇನ್‌ಹೇಲರಿನಲ್ಲಿ ಮೈಕ್ರೊಗ್ರಾಂ ಲೆಕ್ಕದಲ್ಲಿ ನೇರ ಶ್ವಾಸಕೋಶಕ್ಕೆ ಎಂದು ನಾನು ಎಂಟೆಕ್ ಮಾಡಿದ ಬುದ್ಧಿಯನ್ನೆಲ್ಲ ಸುರಿದು ವಿವರಿಸಿದೆ. “ನಿನಗೇನ ಗೊತ್ತು, ಸುಮ್ಮನಿರು” ಅಂದಳು.

2018ರಲ್ಲಿ ಸಿಪ್ಲಾ ‘ಬೇರೋಕ್ ಜಿಂದಗಿ’ ಎಂಬ ಪ್ರಚಾರ ಆರಂಭಿಸಿತು. ಪ್ರಿಯಾಂಕಾ ಚೋಪ್ರಾ ತನಗೆ ಚಿಕ್ಕಂದಿನಿಂದ ಅಸ್ತಮಾ ಇದೆ, ಅದು ತನ್ನನ್ನು ತಡೆದಿಲ್ಲ ಎಂದರು. ಮುಂದೆ ‘ಇನ್‌ಹೇಲರ್ಸ್ ಹೈ ಸಹೀ’ ಎಂಬ ಸಾಲೂ ಬಂತು. ಇಲ್ಲೂ ಮದ್ದಿನ ಹೆಸರಿಲ್ಲ. ಇಲ್ಲೂ ಕಂಪನಿ ಇನ್‌ಹೇಲರ್ ಮಾರಾಟದಲ್ಲಿ ದೇಶದ ದೊಡ್ಡ ಹೆಸರು. ಇಲ್ಲೂ ತಾರೆ. ಒಂದು ದಿನ ಅವ್ವ ತಾನಾಗಿ ಕೇಳಿದಳು, “ಆ ಹುಡುಗಿ ಅದನ್ನ ತಗೊಂಡು ಹಿಂಗ ಕುಣೀತಾಳೇನು?” ಮರುವಾರ ವೈದ್ಯರಲ್ಲಿಗೆ ಹೋದೆವು. ಆ ಮಳೆಗಾಲ ಅವ್ವ ರಾತ್ರಿ ಎದ್ದು ಕೂಡಲಿಲ್ಲ. ಗೋಡೆಗೆ ದಿಂಬು ಆನಿಸಿ ಅವಳು ಕೂತಿರುತ್ತಿದ್ದ ಜಾಗ ಖಾಲಿಯಿತ್ತು. ನನ್ನ ವಿಮರ್ಶೆಗೆ ಅದನ್ನು ಸುಳ್ಳು ಮಾಡುವ ಹಕ್ಕಿಲ್ಲ.

ಅದೇ ತಂತ್ರ, ಎರಡು ಫಲ. ಹಾಗಾದರೆ ಒಳ್ಳೆಯದು ಕೆಟ್ಟದ್ದನ್ನು ಬೇರ್ಪಡಿಸುವುದು ಹೇಗೆ? ಸುಳ್ಳು ನಿಜದ ಗೆರೆಯಿಂದ ಸಾಧ್ಯವಿಲ್ಲ. ಆ ಗೆರೆ ಬೇರೆ ಕಡೆ ಬೇಕು, ಬೇಕೇ ಬೇಕು. ಪತಂಜಲಿ ಪ್ರಕರಣದಲ್ಲಿ ನೋಡಿದೆವು. ಭಾರತೀಯ ವೈದ್ಯಕೀಯ ಸಂಘದ ದೂರಿನ ಮೇಲೆ 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಂಗ ನಿಂದನೆಯ ನೋಟಿಸು ಕೊಟ್ಟಿತು. ಏಪ್ರಿಲ್‌ನಲ್ಲಿ ಕಂಪನಿ 67 ಪತ್ರಿಕೆಗಳಲ್ಲಿ ಕ್ಷಮೆಯಾಚನೆ ಪ್ರಕಟಿಸಿದಾಗ, ನಿಮ್ಮ ಜಾಹೀರಾತು ಇರುವಷ್ಟೇ ದೊಡ್ಡದಾಗಿ ಕ್ಷಮೆಯೂ ಇತ್ತೇ ಎಂದು ನ್ಯಾಯಪೀಠ ಕೇಳಿತು. ಒಬ್ಬ ಒಳ್ಳೆಯ ವಿಮರ್ಶಕ ಕೇಳುವ ಪ್ರಶ್ನೆ ಅದು: ಏನು ಹೇಳಿದೆ ಎಂಬುದರ ಜೊತೆಗೆ ಎಷ್ಟು ಗಾತ್ರದಲ್ಲಿ ಹೇಳಿದೆ. ಆದರೆ ರೋಗ ಜಾಗೃತಿಯ ಜಾಹೀರಾತಿನಲ್ಲಿ ಹಿಡಿಯಲು ಸುಳ್ಳೇ ಇಲ್ಲ. ಇರುವುದು ಬರೀ ಗಾತ್ರದ ಲೆಕ್ಕ. ಭಯ ಎಷ್ಟು ದೊಡ್ಡದು, ವಿವರ ಎಷ್ಟು ಚಿಕ್ಕದು.

ಈ ಗಾತ್ರದ ಲೆಕ್ಕ ನನಗೆ ಗೊತ್ತಿರುವುದು ಓದಿನಿಂದ ಮಾತ್ರವಲ್ಲ. ಕೆಲವು ವರ್ಷಗಳ ಹಿಂದೆ ಒಂದು ಔಷಧ ಕಂಪನಿಗೆ ‘ರೋಗಿ ಜಾಗೃತಿ’ ಪೋರ್ಟಲ್ ಮಾಡಿಕೊಟ್ಟ ತಂಡಕ್ಕೆ ನಾನೇ ಮ್ಯಾನೇಜರ್. ಹತ್ತು ಪ್ರಶ್ನೆ, ಕೊನೆಗೆ ಒಂದು ಅಂಕ, ಅದರ ಕೆಳಗೆ ‘ಹತ್ತಿರದ ವೈದ್ಯರನ್ನು ಹುಡುಕಿ’ ಎಂಬ ಗುಂಡಿ. ಅಂಕ ಎಷ್ಟೇ ಬಂದರೂ ಆ ಗುಂಡಿ ಇರುತ್ತಿತ್ತು. ‘ನಿಮಗೆ ಏನೂ ಬೇಕಾಗಿಲ್ಲ, ಮನೆಗೆ ಹೋಗಿ’ ಎಂಬ ಪರದೆ ನಮ್ಮ ವಿನ್ಯಾಸದಲ್ಲಿ ಇರಲೇ ಇಲ್ಲ. ಟೆಸ್ಟಿಂಗ್ ತಂಡದ ಹುಡುಗಿಯೊಬ್ಬಳು ಇದನ್ನು ದೋಷ ಎಂದು ದಾಖಲಿಸಿದಳು. ‘ಅವಶ್ಯಕತೆಯ ಪ್ರಕಾರವೇ ಇದೆ’ ಎಂದು ಬರೆದು ಮುಚ್ಚಿದವನು ನಾನು. ನಮ್ಮ ವಾರದ ವರದಿಯಲ್ಲಿ ಆ ಪ್ರಶ್ನೆಗಳಿಗೆ ಉತ್ತರಿಸಿದವರ ಹೆಸರು ‘ಲೀಡ್’. ಹೆದರಿದ ಯಾರದೋ ಅಪ್ಪ ನನ್ನ ಎಕ್ಸೆಲ್‌ನಲ್ಲಿ ಒಂದು ಸಾಲು. ಆಗ ಅದು ನನಗೆ ಹೊಳೆಯಲಿಲ್ಲ. ನನ್ನ ಅಪ್ಪ ರೊಟ್ಟಿ ಬಿಟ್ಟು ಏಳಬೇಕಾಯಿತು.

ಆ ಹುಡುಗಿ ಹಿಡಿದ ದೋಷವೇ ನನಗೆ ಈಗ ಅಳತೆಗೋಲು. ಈ ಜಾಹೀರಾತಿನಲ್ಲಿ ‘ಬೇಡ’ ಎಂಬ ಉತ್ತರಕ್ಕೆ ಜಾಗವಿದೆಯೇ? ಅವ್ವನ ವಿಷಯದಲ್ಲಿ ಕಾಯಿಲೆ ಮೊದಲೇ ಇತ್ತು, ವೈದ್ಯರು ಮೊದಲೇ ಹೇಳಿದ್ದರು; ಜಾಹೀರಾತು ತೆಗೆದದ್ದು ನಾಚಿಕೆಯನ್ನು. ಅಪ್ಪನ ವಿಷಯದಲ್ಲಿ ಕಾಯಿಲೆ ಇರಲಿಲ್ಲ. ಜಾಹೀರಾತು ಕೊಟ್ಟದ್ದು ಚಿಂತೆಯನ್ನು. ಒಂದು ಭಾರ ಇಳಿಸಿತು, ಇನ್ನೊಂದು ಹೊರಿಸಿತು. ಹೊರಿಸುವುದೂ ಕೆಲವೊಮ್ಮೆ ಬೇಕಾದೀತು. ಆದರೆ ಹೊರಿಸಿದವರು ತೂಕ ಎಷ್ಟು ಎಂದು ಹೇಳಬೇಕು: ಎಷ್ಟು ಜನರಲ್ಲಿ ಎಷ್ಟು ಜನರಿಗೆ, ತಡೆಯಲು ಎಷ್ಟು ಖರ್ಚು, ಮಾಡದಿದ್ದರೆ ಏನು, ಹೇಳುತ್ತಿರುವವರಿಗೆ ಇದರಲ್ಲಿ ಏನಿದೆ. ಕೊನೆಯದು ಈಗ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿದೆ. ಅಪ್ಪನ ಕನ್ನಡಕಕ್ಕೆ ಅದು ನಿಲುಕುವುದಿಲ್ಲ.

ಇದು ಒಂದು ಲಸಿಕೆಯ ಮಾತಲ್ಲ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತಕ್ಕೆ ಬಂದವು. ತೂಕ ಇಳಿಸುವ, ವೈದ್ಯರ ಚೀಟಿ ಬೇಕಾದ ಚುಚ್ಚುಮದ್ದುಗಳು. ಬೊಜ್ಜು ಸೋಮಾರಿತನವಲ್ಲ, ಅದೊಂದು ಕಾಯಿಲೆ ಎಂಬ ಮಾತು ಈಗ ಎಲ್ಲೆಡೆ ಕೇಳುತ್ತಿದೆ. ಮಾತು ಸರಿಯೇ. ದಪ್ಪಗಿರುವವರನ್ನು ಶಾಲೆಯಿಂದ ಆಫೀಸಿನವರೆಗೆ ಗೇಲಿ ಮಾಡಿದ ಸಮಾಜಕ್ಕೆ ಯಾರಾದರೂ ಇದನ್ನು ಹೇಳಬೇಕಿತ್ತು. ಮದ್ದು ಬರುವ ಮೊದಲು ಅದನ್ನು ಇಷ್ಟು ಜೋರಾಗಿ ಹೇಳುವವರು ಯಾಕೆ ಸಿಗಲಿಲ್ಲ ಎಂಬ ಪ್ರಶ್ನೆಯನ್ನು ಮಾತ್ರ ಮುಂದಿನ ಸಲ ಅಂಥ ಸಾಲು ಓದುವಾಗ ಜೊತೆಗಿಟ್ಟುಕೊಳ್ಳಿ. ಸರ್ಕಾರ ಸುಮ್ಮನಿದ್ದ ಕಡೆಯಲ್ಲೆಲ್ಲ ಕಂಪನಿ ಮಾತಾಡುತ್ತದೆ. ಸಿಪ್ಲಾ ಲೋವರ್ ಪರೇಲಿನಲ್ಲಿ, ಜಿಎಸ್‌ಕೆ ವರ್ಳಿಯಲ್ಲಿ, ಜಾಹೀರಾತು ಏಜೆನ್ಸಿಗಳು ಅವುಗಳ ಆಚೀಚೆ. ದೇಶದ ಭಯದ ಕರಡು ತಿದ್ದುಪಡಿ ಆಗುವುದು ನಾವು ಲೋಕಲ್ ಇಳಿಯುವ ಸ್ಟೇಶನ್ನುಗಳ ಪಕ್ಕದಲ್ಲೇ.

ಅಪ್ಪನನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಕಾಯುವ ಕೋಣೆಯ ಗೋಡೆಯಲ್ಲಿ ಅದೇ ಕಾಯಿಲೆಯ ಪೋಸ್ಟರು. ಕೇಳಬೇಕಾದವರ ಮನೆಗೂ ಜಾಹೀರಾತು ನಮಗಿಂತ ಮೊದಲೇ ಬಂದು ಕೂತಿತ್ತು. ಆದರೂ ವೈದ್ಯರು ಒಳ್ಳೆಯವರು. ಹದಿನೈದು ನಿಮಿಷ ಕೊಟ್ಟರು. ನಿಮಗೆ ಸಕ್ಕರೆ ಕಾಯಿಲೆ ಇದೆ, ವಯಸ್ಸಾಗಿದೆ, ಹಾಕಿಸಿದರೆ ಒಳ್ಳೆಯದು. ಆದರೆ ಹೆದರಿ ಓಡಿ ಬರುವಂಥದ್ದಲ್ಲ, ವರ್ಷವರ್ಷ ತಪ್ಪಿಸುತ್ತಿರುವ ಫ್ಲೂ ಲಸಿಕೆ ಮೊದಲು ಹಾಕಿಸಿ ಎಂದರು. ಒಂದೆರಡು ದಿನ ತೋಳು ನೋಯಬಹುದು, ಜ್ವರ ಬರಬಹುದು ಎಂದೂ ಹೇಳಿದರು. ಬೆಲೆಯನ್ನು ಚೀಟಿಯ ಹಿಂದೆ ಬರೆದು ತೋರಿಸಿದರು. ಜಾಹೀರಾತು ಬಿಟ್ಟದ್ದೆಲ್ಲ ಆ ಹದಿನೈದು ನಿಮಿಷದಲ್ಲಿತ್ತು. ಅಷ್ಟು ಹೊತ್ತು ಕೊಡುವ ವೈದ್ಯರು ಎಷ್ಟು ಜನರಿಗೆ ಸಿಗುತ್ತಾರೆ ಎಂದು ಯೋಚಿಸುತ್ತ ಹೊರಬಂದೆ.

ಅಪ್ಪ ಎರಡು ತಿಂಗಳು ಯೋಚಿಸಿ, ವಾಕಿಂಗ್ ಗೆಳೆಯರ ಜೊತೆ ಚರ್ಚಿಸಿ, ತಮ್ಮ ಪಿಂಚಣಿಯಲ್ಲೇ ಎರಡೂ ಡೋಸು ಹಾಕಿಸಿಕೊಂಡರು. ನನ್ನಿಂದ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಮೊನ್ನೆ ಮತ್ತೆ ಆ ಜಾಹೀರಾತು ಬಂತು. ಅಪ್ಪ ಈ ಸಲ ದನಿ ತಗ್ಗಿಸಲಿಲ್ಲ.

“ನಾ ಹಾಕಿಸ್ಕೊಂಡೇನಿ ಅಂತ ಯಾರರ ಇವಗ ಹೇಳ್ರೋ,” ಅಂದರು. “ಇನ್ನೂ ನನ್ನ ಮಾರಿ ನೋಡಿಕೋತನ ಹೇಳಾಕತ್ತಾನ.”